ಹತ್ತಿಯ ಖಾತೆಗೆ ನೀರು, ಪಾಲಿಯೆಸ್ಟರ್ ಖಾತೆಗೆ ಮಾಫಿ

ಹತ್ತಿಯ ಒಂದು ಟೀ ಶರ್ಟಿಗೆ 2,700 ಲೀಟರ್ ನೀರು ಬೇಕು, ಆದ್ದರಿಂದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ನೇಯ್ದ ಅಂಗಿ ತೊಡುವುದೇ ಪರಿಸರಕ್ಕೆ ಹಿತ ಎಂಬ ವಾದ ಈ ವಾರ ಮತ್ತೊಮ್ಮೆ ಕೇಳಿಬಂದಿದೆ. ವಾದ ಹಳೆಯದೇ, ಆದರೆ ಅದು ಬಂದ ಹೊತ್ತು ಸಿಟ್ಟು ತರಿಸುವಂಥದ್ದು. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರಗಳ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಹಂಗಾಮು ನಡೆದಿದ್ದು, 2025-26ರ ಹಂಗಾಮಿಗೆ ಕ್ವಿಂಟಲಿಗೆ 8,110 ರೂಪಾಯಿಯೆಂದು ನಿಗದಿಯಾದ ಬೆಂಬಲ ಬೆಲೆಯ ಆಸೆಗೆ ರೈತರು ನೋಂದಣಿಯ ‘ಕಪಾಸ್ ಕಿಸಾನ್’ ಆ್ಯಪ್‌ನೊಡನೆ ಗುದ್ದಾಡುತ್ತಿದ್ದಾರೆ. ವಿದೇಶಿ ಹತ್ತಿಯ ಮೇಲಿನ ಶೇ. 11ರ ಆಮದು ಸುಂಕವನ್ನು 2025ರ ಆಗಸ್ಟ್‌ನಲ್ಲಿ ಮನ್ನಾ ಮಾಡಿದ್ದು, ಸೆಪ್ಟೆಂಬರ್‌ನಲ್ಲಿ ಕೃತಕ ನಾರಿನ ಜಿಎಸ್‌ಟಿಯನ್ನು ಶೇ. 18ರಿಂದ 5ಕ್ಕೆ ಇಳಿಸಿದ್ದು ಓದುಗರಿಗೆ ತಿಳಿದೇ ಇದೆ. ಪೇಟೆಯಲ್ಲೂ ತೆರಿಗೆಯಲ್ಲೂ ಸೋತವನನ್ನು ಪರಿಸರದ ಹೆಸರಿನಲ್ಲೂ ಅಪರಾಧಿಯಾಗಿಸುವುದೊಂದು ಬಾಕಿಯಿತ್ತು, ಅದೂ ಆಯಿತು.

2,700 ಎಂಬ ಸಂಖ್ಯೆ ಜಾಗತಿಕ ಸರಾಸರಿಯಾಗಿದ್ದು, ಅದರೊಳಗೆ ಮುಖ್ಯವಾಗಿ ಎರಡು ಬಗೆಯ ನೀರು ಬೆರೆತಿದೆ. ಮಳೆಯಾಗಿ ಬಿದ್ದು ಮಣ್ಣಿನಲ್ಲೇ ಉಳಿದು ಬೆಳೆಗೆ ಒದಗುವ ನೀರನ್ನು ತಜ್ಞರು ‘ಹಸಿರು ನೀರು’ ಎಂದೂ, ನದಿ, ಕಾಲುವೆ, ಕೊಳವೆಬಾವಿಗಳಿಂದ ಎತ್ತಿ ಹಾಯಿಸುವ ನೀರನ್ನು ‘ನೀಲಿ ನೀರು’ ಎಂದೂ ಕರೆಯುತ್ತಾರೆ. ಅರಾಲ್ ಸಮುದ್ರವನ್ನು ಬತ್ತಿಸಿದ ಮಧ್ಯ ಏಷ್ಯಾದ ಹತ್ತಿ ಕುಡಿದದ್ದು ನೀಲಿ ನೀರನ್ನು. ಮುಂಗಾರಿನ ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಡುವ ಎರೆಭೂಮಿಯಲ್ಲಿ ಮಳೆಯಾಶ್ರಯದಲ್ಲಿ ಬೆಳೆದ ಹತ್ತಿ ಕುಡಿಯುವುದು ಹಸಿರು ನೀರನ್ನು, ಅಂದರೆ ಹತ್ತಿಯಿಲ್ಲದಿದ್ದರೆ ತೊಗರಿಯೋ ಜೋಳವೋ ಕುಡಿಯುತ್ತಿದ್ದ ನೀರನ್ನು. ಇನ್ನು ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯಲ್ಲಿ ನೀಲಿ ನೀರಿನ ನಿಜವಾದ ಕುಡುಕ ಯಾರೆಂದು ಕೇಳಿದರೆ ಕಾಲುವೆಯ ಕೊನೆಯಂಚಿನ ಯಾವ ರೈತನಾದರೂ ಭತ್ತದ ಗದ್ದೆಯ ಕಡೆಗೆ ಕೈ ತೋರಿಸುತ್ತಾನೆ. ಅರೆ ನೀರಾವರಿ ಬೆಳೆಗಳಿಗೆಂದು ರೂಪಿಸಿದ ಕಾಲುವೆಯಲ್ಲಿ ಭತ್ತ ಹರಡಿಕೊಂಡಿದೆ. ಆದರೂ ಅನ್ನ ಉಣ್ಣಬೇಡಿ, ಪ್ಲಾಸ್ಟಿಕ್ ತಿನ್ನಿ ಎಂದು ಇದುವರೆಗೆ ಯಾರೂ ಉಪದೇಶಿಸಿಲ್ಲ.

ಪಾಲಿಯೆಸ್ಟರ್ ಎಂಬುದು ಕಲ್ಲೆಣ್ಣೆಯಿಂದ ದೊರೆಯುವ ಎರಡು ರಾಸಾಯನಿಕಗಳನ್ನು ಬೆಸೆದು, ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಎಳೆಯಾಗಿ ಹೊರತೆಗೆದ ಪ್ಲಾಸ್ಟಿಕ್. ಈ ನಾರು ರೂಪುಗೊಂಡದ್ದು 1941ರಲ್ಲಿ, ಇಂಗ್ಲೆಂಡಿನಲ್ಲಿ. ನಮ್ಮ ಹಿರಿಯರು ಅದನ್ನು ಟೆರಿಲಿನ್, ಟೆರಿಕಾಟ್ ಎಂಬ ಹೆಸರಿನಲ್ಲಿ ಬಲ್ಲರು. 2023ರಲ್ಲಿ ಜಗತ್ತು ತಯಾರಿಸಿದ ಸುಮಾರು 12.4 ಕೋಟಿ ಟನ್ ನಾರಿನಲ್ಲಿ ಪಾಲಿಯೆಸ್ಟರಿನ ಪಾಲು ಶೇ. 57ರಷ್ಟಿದ್ದು, ಹತ್ತಿಯದು ಶೇ. 20ರ ಆಸುಪಾಸಿನಲ್ಲಿತ್ತು. ಇಷ್ಟಾಗಿಯೂ ಪಾಲಿಯೆಸ್ಟರ್ ಹಸಿರೆನ್ನಿಸಿಕೊಂಡದ್ದು ಹೇಗೆಂದರೆ ಲೆಕ್ಕ ನಿಲ್ಲಿಸುವ ಜಾಗದಿಂದ. ಉಡುಪು ಉದ್ಯಮದ ಕಂಪನಿಗಳೇ ಕೂಡಿ ಬೆಳೆಸಿದ ‘ಹಿಗ್’ ಸೂಚ್ಯಂಕದಲ್ಲಿ ಬಟ್ಟೆಯ ಲೆಕ್ಕ ಕಚ್ಚಾವಸ್ತುವಿನಿಂದ ಶುರುವಾಗಿ ಕಾರ್ಖಾನೆಯ ಬಾಗಿಲಿಗೆ ಮುಗಿಯುತ್ತಿತ್ತು; ಆ ಬಟ್ಟೆ ಒಗೆತದಲ್ಲಿ ಏನನ್ನು ಉದುರಿಸುತ್ತದೆ, ಹರಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಅಂಕಗಳಲ್ಲಿ ಸೇರುತ್ತಿರಲಿಲ್ಲವಾದ್ದರಿಂದ ಪಾಲಿಯೆಸ್ಟರ್ ಹತ್ತಿಯನ್ನೂ ಉಣ್ಣೆಯನ್ನೂ ರೇಷ್ಮೆಯನ್ನೂ ಹಿಂದಿಕ್ಕಿ ಪಾಸಾಯಿತು. ಇಂಥ ಅಂಕಗಳನ್ನು ತೋರಿಸಿ ಬಟ್ಟೆಯನ್ನು ಪರಿಸರಸ್ನೇಹಿಯೆಂದು ಮಾರುವುದು ಗ್ರಾಹಕರ ದಾರಿತಪ್ಪಿಸುವಿಕೆಯೆಂದು ನಾರ್ವೆಯ ಗ್ರಾಹಕ ಪ್ರಾಧಿಕಾರ 2022ರಲ್ಲಿ ಹೇಳಬೇಕಾಯಿತು.

ಕಾರ್ಖಾನೆಯ ಬಾಗಿಲಾಚೆ ನಡೆಯುವುದೇನೆಂಬುದು ತಿಳಿಯದ ಸಂಗತಿಯೇನಲ್ಲ. ಆರು ಕಿಲೋ ಪಾಲಿಯೆಸ್ಟರ್ ಬಟ್ಟೆಯನ್ನು ಯಂತ್ರದಲ್ಲಿ ಒಗೆದರೆ ಒಂದೇ ಒಗೆತಕ್ಕೆ ಸುಮಾರು ಐದು ಲಕ್ಷ ಸೂಕ್ಷ್ಮ ಎಳೆಗಳು ಉದುರುತ್ತವೆಂದು ಬ್ರಿಟನ್ನಿನ ಸಂಶೋಧಕರು 2016ರಲ್ಲಿ ಅಳೆದು ತೋರಿಸಿದ್ದಾರೆ. ಹತ್ತಿಯೂ ಎಳೆ ಉದುರಿಸುತ್ತದೆ ನಿಜ, ಆದರೆ ಅದು ಕೊಳೆತು ಮಣ್ಣಾಗುತ್ತದೆ. ಪಾಲಿಯೆಸ್ಟರಿನ ಎಳೆ ಹಾಗೆ ಕೊಳೆಯುವುದಿಲ್ಲ. ಕೆರೆ, ಹಳ್ಳ, ಕಾಲುವೆಗಳ ದಂಡೆಯಲ್ಲಿ ಬಟ್ಟೆ ಒಗೆಯುವುದು ನಿತ್ಯದ ನೋಟವಾಗಿರುವ, ಬಚ್ಚಲ ನೀರಿಗೆ ಶುದ್ಧೀಕರಣ ಘಟಕವೆಂಬುದೇ ಇಲ್ಲದ ಊರುಗಳಲ್ಲಿ ಈ ಎಳೆಗಳ ದಾರಿ ನೇರವಾಗಿದೆ. ಸುರಪುರದ ನಾಯಕ ಅರಸರು ಕಟ್ಟಿಸಿದ, ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಇಳಿದಾಣವಾಗಿರುವ ಬೋನಾಳದ ಕೆರೆಯನ್ನು ಪಕ್ಷಿಧಾಮವೆಂದು ಕರೆದು ಫಲಕ ನಿಲ್ಲಿಸುವುದು ಸುಲಭ; ತಗ್ಗಿಗೆ ಹರಿದು ಬರುವ ನೀರಿಗೆ ಆ ಫಲಕವನ್ನು ಓದುವ ಅಭ್ಯಾಸವಿಲ್ಲ.

ಬಾಟಲಿಯಿಂದ ಬಟ್ಟೆ ಮಾಡುವುದು ಮರುಬಳಕೆಯಲ್ಲವೇ ಎಂದು ಕೇಳುವವರಿದ್ದಾರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಭಾರತ ಇಂಧನ ಸಪ್ತಾಹದಲ್ಲಿ ಇಂಡಿಯನ್ ಆಯಿಲ್ ಕಂಪನಿ ಬಾಟಲಿ ಕರಗಿಸಿ ನೇಯ್ದ ನೀಲಿ ಜಾಕೆಟನ್ನು ಪ್ರಧಾನಿಗೆ ಉಡುಗೊರೆಯಾಗಿ ಕೊಟ್ಟಿತು. ಅವರು ಅದನ್ನು ತೊಟ್ಟು ಸಂಸತ್ತಿಗೆ ಹೋದಾಗ ದೇಶವೆಲ್ಲ ತಲೆದೂಗಿತು. ಇಂಧನ ಕಂಪನಿ ಸಿಬ್ಬಂದಿಯ ಒಂದು ಸಮವಸ್ತ್ರಕ್ಕೆ 28 ಬಾಟಲಿಗಳು ಬೇಕೆಂದು ಆಗ ಹೇಳಲಾಗಿತ್ತು. ಬಾಟಲಿಯನ್ನು ಮತ್ತೆ ಬಾಟಲಿಯನ್ನಾಗಿಯೇ ಮಾಡಬಹುದು, ಆ ಸುತ್ತು ಮುಂದುವರಿಯಬಹುದು. ಆದರೆ ಅದೊಮ್ಮೆ ಬಣ್ಣ ಹಾಕಿದ, ಬೇರೆ ನಾರು ಬೆರೆಸಿದ ಬಟ್ಟೆಯಾಯಿತೆಂದರೆ ಮುಂದಿನ ನಿಲ್ದಾಣ ಬಹುತೇಕ ತಿಪ್ಪೆಯೇ. ಎಣ್ಣೆ ಮಾರುವ ಕಂಪನಿಗೆ ಎಣ್ಣೆಯಿಂದಾದ ಬಟ್ಟೆ ಹಸಿರಾಗಿ ಕಂಡರೆ ಅದರಲ್ಲಿ ಸೋಜಿಗವಿಲ್ಲ.

ಹಾಗೆಂದು ಹತ್ತಿಯನ್ನು ಹಾಲಿನಲ್ಲಿ ತೊಳೆದದ್ದೆಂದು ಹೇಳಲಾಗದು. ಆದರೆ ಅದರ ಕೊಳೆ ಎಲ್ಲಿಂದ ಅಂಟಿತೆಂದು ತಿಳಿಯಲು ಜವಾರಿ ಹತ್ತಿಯಿಂದ ಶುರುಮಾಡಬೇಕು. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದು ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ, ಆ ಕಾರಣಕ್ಕೇ ‘ಕುಮಟಾ ಹತ್ತಿ’ ಎಂದು ಹೆಸರಾದ ಗಿಡ್ಡ ಎಳೆಯ ದೇಶಿ ಹತ್ತಿಗೆ ನೀರು ಹಾಯಿಸುವ ಕೆಲಸವಿರಲಿಲ್ಲ. ಅದೇ ಕುಲದಿಂದ ಧಾರವಾಡದಲ್ಲಿ ಆಯ್ದು ಬೆಳೆಸಿದ ಜಯಧರ್ ತಳಿ ಬರವನ್ನೂ ರಸ ಹೀರುವ ಕೀಟಗಳನ್ನೂ ತಾಳಿಕೊಳ್ಳುತ್ತಿತ್ತು, ಅದರ ಬೀಜವನ್ನು ರೈತ ಮನೆಯಲ್ಲೇ ಕಟ್ಟಿಡುತ್ತಿದ್ದ. ಆದರೆ ಮ್ಯಾಂಚೆಸ್ಟರಿನ ಮಗ್ಗಗಳಿಗೆ ಉದ್ದ ಎಳೆ ಬೇಕಾಗಿತ್ತಾದ್ದರಿಂದ ಬ್ರಿಟಿಷ್ ಅಧಿಕಾರಿಗಳು 1840ರ ದಶಕದಲ್ಲೇ ಧಾರವಾಡಕ್ಕೆ ಅಮೆರಿಕದ ಬೀಜ ತಂದರು. ಸ್ವಾತಂತ್ರ್ಯಾನಂತರ ಗಿರಣಿಗಳಿಗೂ ಅದೇ ಬೇಕಾಯಿತು. 1972ರಲ್ಲಿ ಬಿ. ಎಚ್. ಕಟರಕಿಯವರು ಧಾರವಾಡದಲ್ಲಿ ರೂಪಿಸಿದ ‘ವರಲಕ್ಷ್ಮಿ’, ಹತ್ತಿಯ ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿದ ಮಿಶ್ರತಳಿಯಾಗಿ ಹೆಸರು ಮಾಡಿತು, ಇಳುವರಿಯೂ ಏರಿತು. ಅದರ ಬೆನ್ನಿಗೇ ವರ್ಷವರ್ಷವೂ ಬೀಜ ಕೊಳ್ಳುವ, ಗೊಬ್ಬರ ಸುರಿಯುವ, ವಾರಕ್ಕೊಮ್ಮೆ ಕೀಟನಾಶಕ ಹೊಡೆಯುವ ಬೇಸಾಯವೂ ಬಂದಿತು. 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ, ಅಂದರೆ ಕಾಯಿಕೊರಕಕ್ಕೆ ಮಾರಕವಾದ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿದ ಹತ್ತಿ, ಕೆಲಕಾಲ ಸಿಂಪಡಣೆಯನ್ನು ತಗ್ಗಿಸಿತಾದರೂ ಗುಲಾಬಿ ಕಾಯಿಕೊರಕ ಅದಕ್ಕೂ ಒಗ್ಗಿಕೊಂಡಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದು ಹತ್ತಿಯ ಲೆಕ್ಕದಲ್ಲಿ ಬರೆಯಲೇಬೇಕಾದ ಖರ್ಚು. ಆದರೆ ಆ ಖರ್ಚು ಹುಟ್ಟಿದ್ದು ಹತ್ತಿಯ ನಾರಿನಿಂದಲ್ಲ, ಅದನ್ನು ಬೆಳೆಸಲು ಆಯ್ದುಕೊಂಡ ರೀತಿಯಿಂದ. ರೀತಿಯನ್ನು ಬದಲಿಸಬಹುದು, ಕಲ್ಲೆಣ್ಣೆಯ ಗುಣವನ್ನು ಬದಲಿಸಲಾಗದು.

ಬದಲಿಸುವ ಮನಸ್ಸಿದೆಯೇ ಎಂಬುದಕ್ಕೆ ಉತ್ತರ ರಾಷ್ಟ್ರಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ರಾಷ್ಟ್ರಧ್ವಜವೆಂದರೆ ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಖಾದಿಯದೇ ಎಂಬ ನಿಯಮವನ್ನು 2021ರ ಡಿಸೆಂಬರ್ 30ರಂದು ಸಡಿಲಿಸಿ, ಪಾಲಿಯೆಸ್ಟರಿಗೂ ಯಂತ್ರಕ್ಕೂ ಅವಕಾಶ ಕೊಡಲಾಯಿತು. ಮರುವರ್ಷ ಮನೆಮನೆಯ ಮೇಲೆ ಹಾರಿದ್ದು ಬಹುಪಾಲು ಪಾಲಿಯೆಸ್ಟರೇ. ನೂಲುವ, ನೇಯುವ, ಹೊಲಿಯುವ ಹೆಣ್ಣುಮಕ್ಕಳನ್ನು ನೆಚ್ಚಿಕೊಂಡ ಬೆಂಗೇರಿಯ ಖಾದಿ ಸಂಘ ಪ್ರತಿಭಟಿಸಿತು, ಪ್ರತಿಭಟನೆ ಸುದ್ದಿಯಾಯಿತು, ನಿಯಮ ಹಾಗೆಯೇ ಉಳಿಯಿತು.

ಈ ಇಡೀ ಜಗಳವನ್ನು ಒಂದೇ ನೋಟದಲ್ಲಿ ಕಾಣಬೇಕೆಂದರೆ ಬೋನಾಳದ ಆಸುಪಾಸಿನ ಹತ್ತಿಹೊಲಕ್ಕೆ ಹೋಗಬೇಕು. ಅಲ್ಲಿ ಹತ್ತಿ ಬಿಡಿಸುವ ಹೆಂಗಸು ಉಟ್ಟಿರುವುದು ಪಾಲಿಯೆಸ್ಟರ್ ಸೀರೆ. ಅದರ ಮೇಲೆ, ಒಣಗಿದ ಕಾಯಿಯ ಚೂಪು ಸಿಪ್ಪೆ ಕೈ ಗೀರದಿರಲೆಂದು ಮನೆಯ ಗಂಡಸರ ಹಳೆಯ ತುಂಬುತೋಳಿನ ಅಂಗಿ. ಸೀರೆ ಅಗ್ಗ, ಒಗೆದರೆ ಬೇಗ ಒಣಗುತ್ತದೆ, ಬೇಗ ಹರಿಯುವುದಿಲ್ಲ. ಕಾಟನ್ ಸೀರೆಗೆ ಕೊಡುವ ದುಡ್ಡಿನಲ್ಲಿ ಇಂಥವು ನಾಲ್ಕು ಬರುತ್ತವೆ. ಬಿಸಿಲಿಗೆ ಅದು ಮೈಗಂಟಿ ಬೆವರನ್ನು ಹೊರಬಿಡದೆಂಬುದು ಆಕೆಗೆ ಯಾವ ಸಂಶೋಧಕನಿಗಿಂತಲೂ ಚೆನ್ನಾಗಿ ಗೊತ್ತು, ಆದ್ದರಿಂದ ಆಕೆಗೆ ಬುದ್ಧಿ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆಕೆ ಉಡಿ ತುಂಬಿದ ಹತ್ತಿಯನ್ನು ಒಯ್ದು ತುರುಕುವುದು ಯೂರಿಯಾ ಬಂದಿದ್ದ ಖಾಲಿ ಪ್ಲಾಸ್ಟಿಕ್ ಚೀಲಕ್ಕೆ. ಆ ಚೀಲದ ಅಂಚು ಸಿಬಿರುಸಿಬಿರಾಗಿ, ಬಿಳಿಯ, ಹಳದಿಯ ಎಳೆಗಳು ಹತ್ತಿಯೊಳಗೆ ಸೇರಿಕೊಳ್ಳುತ್ತವೆ. ಜಿನ್ನಿಂಗ್‌ನಲ್ಲಿ ಅವು ಚೂರಾಗಿ ಅರಳೆಯಲ್ಲಿ ಬೆರೆತುಹೋಗುತ್ತವೆ, ನೂಲಾಗಿ ಬಟ್ಟೆಯಾದ ಮೇಲೆ ಬಣ್ಣ ಹಿಡಿಯದೆ ಬಿಳಿಯ ಗೆರೆಗಳಾಗಿ ಎದ್ದು ಕಾಣುತ್ತವೆ. ಭಾರತದ ಹತ್ತಿ ಹೊರದೇಶದ ಗಿರಣಿಗಳಲ್ಲಿ ಕಡಿಮೆ ದರ್ಜೆಯದೆನ್ನಿಸಿಕೊಳ್ಳಲು ಈ ಕಲಬೆರಕೆಯೂ ಒಂದು ಮುಖ್ಯ ಕಾರಣ. ಹೊಲದಲ್ಲೇ ಪ್ಲಾಸ್ಟಿಕ್ ಬೆರೆತ ನಮ್ಮ ಹತ್ತಿಯ ದರ ಇಳಿಯುತ್ತದೆ, ಶುದ್ಧವಾದ ಹತ್ತಿ ಬೇಕೆಂದು ಗಿರಣಿಗಳು ವಿದೇಶದಿಂದ ತರಿಸುತ್ತವೆ.

ಇದಕ್ಕೆ ಪರಿಹಾರ ಎಲ್ಲರಿಗೂ ಗೊತ್ತಿರುವಂಥದ್ದೇ: ಹತ್ತಿಯನ್ನು ಹತ್ತಿಬಟ್ಟೆಯ ಚೀಲದಲ್ಲಿ ತುಂಬುವುದು. ತಜ್ಞರು ವರ್ಷವರ್ಷವೂ ಅದನ್ನೇ ಹೇಳುತ್ತಾರೆ, ಕೈಪಿಡಿಗಳಲ್ಲೂ ಅದೇ ಇದೆ. ಚೀಲದ ದುಡ್ಡನ್ನು ಮಾತ್ರ ಕೂಲಿಯವಳೋ ರೈತನೋ ಹಾಕಬೇಕು. ಪ್ರಧಾನಿಯ ಜಾಕೆಟ್ಟಿಗೆ ಬಾಟಲಿ ಕರಗಿಸುವಷ್ಟು ಜಾಣತನವುಳ್ಳ ದೇಶ, ಮುಂದಿನ ಹಂಗಾಮಿನೊಳಗೆ ಸುರಪುರದ ಖರೀದಿ ಕೇಂದ್ರದಿಂದ ರೈತರಿಗೆ ತಲಾ ಎರಡು ಬಟ್ಟೆಚೀಲ ಹಂಚಿ ತೋರಿಸಲಿ. ಟೀ ಶರ್ಟಿನ 2,700 ಲೀಟರಿನ ಪಾಠವನ್ನು ಆಮೇಲೆ ಕೇಳೋಣ.