ಲೆಕ್ಕದಲ್ಲಿ ಒಣಗಿದ ಕಾಡು

ತೋಟದಲ್ಲಿ ಮರವೊಂದು ಒಣಗಿದರೆ ಅನುಭವಸ್ಥನಾದ ರೈತನು ಮೊದಲು ಬುಡವನ್ನು ಬಗೆದು ನೋಡುತ್ತಾನೆ. ಗಣಕಯಂತ್ರದೊಳಗೆ ಬೆಳೆಸಿದ ಕಾಡು ಒಣಗಿದಾಗಲೂ ಮಾಡಬೇಕಾದುದು ಇದನ್ನೇ ಎಂಬುದು ನಮ್ಮ ಅಭಿಪ್ರಾಯ.

ಮಣ್ಣು, ಸಸ್ಯ, ವಾಯುಮಂಡಲ ಇವುಗಳ ನಡುವೆ ನೀರು, ಶಾಖ, ಇಂಗಾಲಗಳ ಸಂಚಾರವನ್ನು ಗಳಿಗೆಗಳಿಗೆಗೂ ಎಣಿಸುವ ಸಮೀಕರಣಗಳ ಸಮೂಹಕ್ಕೆ ಭೂತಲ ಮಾದರಿಯೆಂದು ಹೆಸರು. ಭೂಮಿಯ ಮೇಲೆ ಹಸುರಾಗಿ ನಿಂತಿರುವ ಅರಣ್ಯವು ಇಂಥ ಲೆಕ್ಕದಲ್ಲಿ ಕೆಲವೊಮ್ಮೆ ಅಕಾರಣವಾಗಿ ಸತ್ತುಹೋಗುವುದುಂಟು. ಆಗ ಮರಣಪ್ರಮಾಣವನ್ನು ಸೂಚಿಸುವ ಅಂಕಿಯನ್ನು ತುಸು ಇಳಿಸಿದರೆ ಸಾಕು, ಕಾಡು ಪುನಃ ಚಿಗುರುತ್ತದೆ. ಈ ಸುಲಭೋಪಾಯವನ್ನು ನಾವು ಒಪ್ಪಲಾರೆವು.

ಮೊದಲು ನೋಡಬೇಕಾದುದು ಕಾಡಿಗೆ ಉಣಿಸಿದ ಮಳೆಯನ್ನು. ಮಾದರಿಯು ಮಳೆಯನ್ನು ಪ್ರತಿ ಸೆಕೆಂಡಿನ ಲೆಕ್ಕದಲ್ಲಿ ಕೇಳುತ್ತದೆ. ಆರು ಗಂಟೆಗಳಲ್ಲಿ ಬಿದ್ದ ಮಳೆಯನ್ನು 21,600ರಿಂದ ಭಾಗಿಸುವ ಬದಲು ಒಂದು ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ, ವರ್ಷಕ್ಕೆ 2,000 ಮಿಲಿಮೀಟರ್ ಮಳೆಯ ನಾಡು 500 ಮಿಲಿಮೀಟರಿನ ಬರಡಾಗುತ್ತದೆ. ಆಗ ಕಾಡು ಸಾಯದೆ ಇದ್ದರೇ ಆಶ್ಚರ್ಯ!

ಮಳೆ ಸರಿಯಿದ್ದರೆ ಬುಡಕ್ಕೆ ಇಳಿಯಬೇಕು. ಅಮೆಜಾನ್ ಅರಣ್ಯದ ವೃತ್ತಾಂತ ಇಲ್ಲಿ ಬೋಧಪ್ರದವಾಗಿದೆ. ಬೇಸಗೆಯಲ್ಲಿ ಈ ಕಾಡು ನೀರಿಲ್ಲದೆ ಬಳಲಿ ಇಂಗಾಲವನ್ನು ಕಳೆದುಕೊಳ್ಳುವುದೆಂದು ಮಾದರಿಗಳು ಹೇಳುತ್ತಿದ್ದವು. ತಪಜೋಸ್ ಅರಣ್ಯದಲ್ಲಿ ಗೋಪುರಗಳನ್ನು ನಿಲ್ಲಿಸಿ ಅಳೆದವರು 2003ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ನೇರ ವಿರುದ್ಧವಾಗಿದ್ದಿತು: ಕಾಡು ಇಂಗಾಲವನ್ನು ಗಳಿಸುತ್ತಿದ್ದುದು ಒಣ ಋತುವಿನಲ್ಲಿ, ಕಳೆಯುತ್ತಿದ್ದುದು ಮಳೆಗಾಲದಲ್ಲಿ. ಲೆಕ್ಕದ ಮರಗಳಿಗೆ ಹಲವು ಮಾದರಿಗಳು ಕೊಟ್ಟಿದ್ದುದು ಮೂರು ಮೀಟರ್ ಆಸುಪಾಸಿನ ಮಣ್ಣು. ಪೂರ್ವ ಅಮೆಜಾನಿನ ನಿಜವಾದ ಮರಗಳಾದರೋ ಎಂಟು ಮೀಟರಿಗಿಂತಲೂ ಆಳದ ನೀರನ್ನು ಹೀರುತ್ತವೆಯೆಂದು 1994ರಲ್ಲಿಯೇ ತಿಳಿದುಬಂದಿದ್ದಿತು. (ತಿಳಿದ ಸಂಗತಿಯು ಸಮೀಕರಣವನ್ನು ಸೇರಲು ಎಷ್ಟು ಕಾಲ ಬೇಕೆಂಬುದಕ್ಕೆ ಇದೊಂದು ನಿದರ್ಶನ.) 2008ರಲ್ಲಿ ಒಂದು ಮಾದರಿಯ ಮಣ್ಣನ್ನು ಆಳಗೊಳಿಸಿ, ಬೇರುಗಳು ನೀರನ್ನು ಹೀರುವ ಬಗೆಯನ್ನು ತಿದ್ದಿದಾಗ, ಅದರ ಬೇಸಗೆಯ ಬಳಲಿಕೆ ನೀಗಿತು. ಮರಣದ ಅಂಕಿಯನ್ನು ಇಳಿಸಿದ್ದಿದ್ದರೆ ಬೇರಿನ ವಿಷಯ ಹೊರಬೀಳುತ್ತಲೇ ಇರಲಿಲ್ಲ.

ಇದು ಕೇವಲ ಲೆಕ್ಕಿಗರ ಜಗಳವಲ್ಲ. ಇದೇ ಶತಮಾನದಲ್ಲಿ ಅಮೆಜಾನ್ ಅರಣ್ಯದ ಬಹುಭಾಗ ನಾಶವಾಗಬಹುದೆಂದು 2000ದಲ್ಲಿ ಬ್ರಿಟನ್ನಿನ ಪೀಟರ್ ಕಾಕ್ಸ್ ಮತ್ತು ಸಂಗಡಿಗರ ಲೆಕ್ಕವು ಸೂಚಿಸಿ ಲೋಕವನ್ನು ಬೆಚ್ಚಿಬೀಳಿಸಿತು. 2013ರಲ್ಲಿ 22 ಹವಾಮಾನ ಮಾದರಿಗಳನ್ನು ಆಧರಿಸಿ ಪರಿಶೀಲಿಸಿದಾಗ, ಶತಮಾನದ ಕೊನೆಗೆ ಆ ಕಾಡು ಕ್ಷೀಣಿಸುವುದೆಂದು ತೋರಿದುದು ಒಂದರಲ್ಲಿ ಮಾತ್ರ. ಹಾಗಾದರೆ ನಿಶ್ಚಿಂತರಾಗಿರಬಹುದೆ? ಇರಲಾಗದು. ಬ್ರೆಜಿಲಿನ ಕಶಿವಾನಾ ಅರಣ್ಯದಲ್ಲಿ 2002ರಿಂದ ಒಂದು ಹೆಕ್ಟೇರಿನ ನೆಲಕ್ಕೆ ಹೊದಿಕೆ ಕಟ್ಟಿ, ಬೀಳುವ ಮಳೆಯ ಸುಮಾರು ಅರ್ಧವನ್ನು ಹೊರಗೆ ಹರಿಸಿದರು. ಕೆಲವು ವರ್ಷಗಳು ತಾಳಿಕೊಂಡ ಮೇಲೆ ಮರಗಳು ಬೀಳತೊಡಗಿದವು. ಅದರಲ್ಲಿಯೂ ಹೆಮ್ಮರಗಳೇ ಹೆಚ್ಚಾಗಿ. ಈ ಪ್ರಯೋಗವನ್ನು ಐದು ಮಾದರಿಗಳ ಮುಂದಿಟ್ಟಾಗ ಅವು ಆ ಮರಣವನ್ನು ಸಮರ್ಪಕವಾಗಿ ತೋರಿಸಲಾರದೆ ಹೋದವು. ಬದುಕಿರುವ ಕಾಡನ್ನು ಬಳಲಿಸಿದ ಲೆಕ್ಕವೇ ಸಾಯುವ ಕಾಡನ್ನು ಉಳಿಸಿತು! ಒಂದೇ ಅಂಕಿಯನ್ನು ಏರಿಸಿ ಇಳಿಸಿ ಈ ಎರಡು ತಪ್ಪುಗಳನ್ನೂ ತಿದ್ದುವುದು ಹೇಗೆ?

ಕಶಿವಾನಾದ ಮರಗಳು ಆಹಾರದ ಕೊರತೆಯಿಂದ ಸತ್ತವೋ, ಕಾಂಡದೊಳಗಿನ ನೀರಿನ ಎಳೆ ಕಡಿದು ಸತ್ತವೋ ಎಂಬ ಪ್ರಶ್ನೆಯೂ ಎದ್ದಿತು. 2015ರಲ್ಲಿ ಪ್ರಕಟವಾದ ಮಾಪನಗಳು ಎರಡನೆಯ ಕಾರಣವನ್ನೇ ಬೆಟ್ಟುಮಾಡಿದವು. ಮಣ್ಣಿನ ತೇವವನ್ನಷ್ಟೇ ನೋಡಿ ಎಲೆಯ ರಂಧ್ರಗಳನ್ನು ಮುಚ್ಚಿಸುತ್ತಿದ್ದ ಹಳೆಯ ಸಮೀಕರಣದ ಬದಲು, ಬೇರಿನಿಂದ ಎಲೆಯವರೆಗೆ ನೀರಿನ ಸೆಳೆತವನ್ನು ಎಣಿಸುವ ಕ್ರಮವನ್ನು ಈಗ ಕೆಲವು ಮಾದರಿಗಳು ಅಳವಡಿಸಿಕೊಂಡಿವೆ.