ನಳದ ಒತ್ತಡ ಇಡೀ ಓಣಿಯ ಸೊತ್ತು

ಬೆಳಗಾವಿಯ ಕೋಟೆ ಕೆರೆಯ ತಳದಲ್ಲಿ ನೀರಿನ ಒತ್ತಡ ಇದ್ದೇ ಇರುತ್ತದೆ. ಆದರೂ ನೀರು ನಿಂತಲ್ಲೇ ನಿಂತಿರುತ್ತದೆ. ಒತ್ತಡ, ಎತ್ತರ ಎರಡನ್ನೂ ಕೂಡಿಸಿದ ಲೆಕ್ಕದಲ್ಲಿ ಎರಡು ಜಾಗಗಳ ನಡುವೆ ಏರುಪೇರಿದ್ದರೆ ಮಾತ್ರ ನೀರು ಹರಿಯುತ್ತದೆ. ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರನ್ನು ಎತ್ತರದ ಟ್ಯಾಂಕಿಗೆ ಏರಿಸಿ ಊರಿಗೆ ಬಿಡುವುದು ಇದಕ್ಕಾಗಿಯೇ. ನೀರಿನ ಮಟ್ಟ ನಳಕ್ಕಿಂತ 10 ಮೀಟರ್ ಮೇಲಿದ್ದರೆ, ಘರ್ಷಣೆಯೇ ಇಲ್ಲವೆಂದುಕೊಂಡಾಗ, ನೀರು ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಎತ್ತರ ಕಾಲು ಭಾಗಕ್ಕಿಳಿದರೆ ವೇಗ ಅರ್ಧವಾಗುತ್ತದೆ. ಆದರೆ ಪೈಪಿನಲ್ಲಿ ಘರ್ಷಣೆ ಇದೆ. ಒಂದೇ ಹೊತ್ತಿಗೆ ಓಣಿಯ ನಳಗಳೆಲ್ಲ ತೆರೆದರೆ ಹರಿವು ಹೆಚ್ಚುತ್ತದೆ, ದಾರಿಯಲ್ಲೇ ಒತ್ತಡ ಕರಗುತ್ತದೆ. ಏರಿನ ಮೇಲಿನ ಮನೆಗೆ ಮೊದಲು ಕೊರತೆ ತಟ್ಟುತ್ತದೆ.

ಆಗ ಕೆಲವರು ನಳಕ್ಕೆ ನೇರವಾಗಿ ಮೋಟಾರು ಹಚ್ಚುತ್ತಾರೆ. ಮೋಟಾರು ಹೊಸ ನೀರನ್ನು ಹುಟ್ಟಿಸುವುದಿಲ್ಲ. ತನ್ನ ಬಾಯಿಯಲ್ಲಿ ಒತ್ತಡ ಇಳಿಸಿ, ನೆರೆಮನೆಯ ಪಾಲನ್ನು ಎಳೆದುಕೊಳ್ಳುತ್ತದೆ. ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿದರೆ, ಬಿರುಕು ಬಿಟ್ಟ ಜೋಡಣೆಗಳಿಂದ ಗಟಾರಿನ ಹೊಲಸು ಒಳನುಗ್ಗುತ್ತದೆ. ಆ ನೀರನ್ನು ಮೋಟಾರು ಇದ್ದವರೂ ಕುಡಿಯುತ್ತಾರೆ, ಇಲ್ಲದವರೂ ಕುಡಿಯುತ್ತಾರೆ.

‘ನೀರೇ ಏರದಿದ್ದರೆ ಮೋಟಾರು ಹಚ್ಚದೆ ಏನು ಮಾಡಬೇಕು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಕೊಡಬೇಕಾದದ್ದು ಪಾಲಿಕೆ. ಕೊರತೆಯ ಹೊರೆಯನ್ನು ನೆರೆಯವರ ತಲೆಗೆ ಕಟ್ಟುವುದು ಪರಿಹಾರವಲ್ಲ. 2008ರ ಹೊತ್ತಿಗೆ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂತು. ಪೈಪು ಸದಾ ತುಂಬಿ ಒತ್ತಡದಲ್ಲಿರುವಂತೆ ಮಾಡುವುದು ನಮ್ಮ ಊರುಗಳಲ್ಲೂ ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ. ಸದಾ ಒತ್ತಡವಿದ್ದರೆ ಸೋರಿಕೆ ಹೆಚ್ಚುತ್ತದೆ ಎಂಬ ಆಕ್ಷೇಪವೂ ನಿಜ. ಹಾಗಾಗಿ ಹಳೆಯ ಪೈಪು ಬದಲಿಸುವುದು, ಮೀಟರ್ ಕೂಡಿಸುವುದು, ಎತ್ತರಕ್ಕೆ ತಕ್ಕಂತೆ ಬಡಾವಣೆಗಳನ್ನು ವಲಯಗಳಾಗಿ ವಿಂಗಡಿಸುವುದು ಜೊತೆಜೊತೆಗೇ ಆಗಬೇಕು. ಪೈಪು ಹಾಕಿದ್ದನ್ನಷ್ಟೇ ಲೆಕ್ಕ ಹಿಡಿಯದೆ, ಏರಿನ ತುದಿಯ ಮನೆಯ ನಳದಲ್ಲಿ ಎಷ್ಟು ಒತ್ತಡವಿದೆ ಎಂಬುದನ್ನು ಪಾಲಿಕೆ ಅಳೆದು ಜನರ ಮುಂದಿಡಲಿ. ನಾವು ನಳದ ಮೋಟಾರು ಬಿಚ್ಚಿಡೋಣ.