ಡ್ರೋನ್ ಸಾಗಣೆ: ಯಂತ್ರಕ್ಕೆ ಮೊದಲು ಜಾಲ

ಡ್ರೋನ್ ಮೂಲಕ ಸರಕು ಸಾಗಣೆ ಎಂದೊಡನೆ ನಮ್ಮ ವರ್ತಕ ಬಾಂಧವರು ಕೇಳುವ ಮೊದಲ ಪ್ರಶ್ನೆ, ಒಮ್ಮೆ ಚಾರ್ಜ್ ಮಾಡಿದರೆ ಅದು ಎಷ್ಟು ದೂರ ಹೋಗುತ್ತದೆ ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ದೂರವನ್ನು ನಿರ್ಧರಿಸುವುದು ಯಂತ್ರವೊಂದೇ ಅಲ್ಲ. ಅದು ಏರುವ, ಇಳಿಯುವ ಕೇಂದ್ರಗಳು ಎಲ್ಲಿರಬೇಕೆಂಬ ಯೋಜನೆಯೂ ಹೌದು.

ನಮ್ಮ ರಾಜ್ಯಕ್ಕೆ ಈ ವಿಷಯ ಹೊಸದಲ್ಲ. 2021ರ ನವೆಂಬರ್‌ನಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಡ್ರೋನ್, ಚಂದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆಗೆ 50 ವಯಲ್ ಕೋವಿಡ್ ಲಸಿಕೆಯನ್ನು ಸುಮಾರು 10 ನಿಮಿಷಗಳಲ್ಲಿ ತಲುಪಿಸಿತು. ಪ್ರಯೋಗ ಯಶಸ್ವಿಯಾಯಿತು, ಆದರೆ ಒಂದು ಮಾರ್ಗವು ಜಾಲವೆನಿಸದು.

ಒಂದು ಸರಳ ಲೆಕ್ಕವನ್ನು ಗಮನಿಸೋಣ. ಗಂಟೆಗೆ 36 ಕಿ.ಮೀ. ವೇಗದಲ್ಲಿ 40 ನಿಮಿಷ ಹಾರಬಲ್ಲ ಯಂತ್ರ 24 ಕಿ.ಮೀ. ಕ್ರಮಿಸುತ್ತದೆ. ಎದುರುಗಾಳಿಗೆಂದು ಕಾಲು ಭಾಗವನ್ನು ಕಾಯ್ದಿರಿಸಿದರೆ ಉಳಿಯುವುದು 18 ಕಿ.ಮೀ. ಹೋಗಿ ಮರಳಬೇಕಾದ್ದರಿಂದ ಸೇವೆಯ ವ್ಯಾಪ್ತಿ 9 ಕಿ.ಮೀ. ಮಾತ್ರ. ತಲುಪಿದ ಸ್ಥಳದಲ್ಲಿ ಬ್ಯಾಟರಿ ಬದಲಿಸುವ ವ್ಯವಸ್ಥೆಯಿದ್ದರೆ ಅದೇ ಯಂತ್ರಕ್ಕೆ 18 ಕಿ.ಮೀ. ದೂರದ ಊರೂ ಎಟುಕುತ್ತದೆ. ದೊಡ್ಡ ಬ್ಯಾಟರಿ ಹಾಕಿದರಾಗದೇ ಎಂದು ಕೇಳಬಹುದು. ಬ್ಯಾಟರಿಯ ಭಾರವನ್ನೂ ಯಂತ್ರವೇ ಹೊರಬೇಕಾದ್ದರಿಂದ, ಒಂದು ಮಿತಿಯ ನಂತರ ಹಾರಾಟದ ಅವಧಿ ಹೆಚ್ಚುವ ಬದಲು ಕಡಿಮೆಯಾಗುತ್ತದೆ.

ರುವಾಂಡ ದೇಶದ ಉದಾಹರಣೆ ಬೋಧಪ್ರದವಾಗಿದೆ. 2016ರಲ್ಲಿ ಜಿಪ್‌ಲೈನ್ ಸಂಸ್ಥೆಯು ಅಲ್ಲಿನ ಮುಹಾಂಗದಿಂದ ಆಸ್ಪತ್ರೆಗಳಿಗೆ ರಕ್ತವನ್ನು ಕಳುಹಿಸತೊಡಗಿತು. ಅದು ಬಳಸಿದ್ದು ರೆಕ್ಕೆಗಳ ವಿಮಾನ. ಇದಕ್ಕೆ ತೇಲುವ ಬಲವನ್ನು ರೆಕ್ಕೆಗಳೇ ಒದಗಿಸುವುದರಿಂದ ವಿದ್ಯುತ್ ಕಡಿಮೆ ಸಾಕು. ಸರಕನ್ನು ಪ್ಯಾರಾಚೂಟ್ ಮೂಲಕ ಇಳಿಸಿ, ಎಲ್ಲಿಯೂ ನಿಲ್ಲದೆ ಮರಳುತ್ತದೆ. ಕಯೋಂಜಾದಲ್ಲಿ ಎರಡನೆಯ ಕೇಂದ್ರ ಸೇರಿದ ಮೇಲೆ ದೇಶದ ಬಹುಭಾಗ ಸೇವೆಯ ವ್ಯಾಪ್ತಿಗೆ ಬಂದಿತು. ಯಂತ್ರದ ಆಯ್ಕೆ, ಕೇಂದ್ರದ ಸ್ಥಳ ಹಾಗೂ ಸರಕಿನ ಸ್ವರೂಪ ಈ ಮೂರೂ ಅಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ.

ನಮ್ಮಲ್ಲಿ ಎಲ್ಲ ಸರಕಿಗೂ ಡ್ರೋನ್ ತಕ್ಕುದಲ್ಲ. ಬಟ್ಟೆಯ ಮೂಟೆಗೆ ಲಾರಿಯೇ ಸರಿ. ಒಳ್ಳೆಯ ರಸ್ತೆಯಿರುವೆಡೆ ದ್ವಿಚಕ್ರ ವಾಹನವೇ ಅಗ್ಗ. ಆದರೆ ಸಣ್ಣದೊಂದು ಬಿಡಿಭಾಗ ಬಾರದೆ ಇಡೀ ಪಾಳಿ ನಿಂತಾಗ ಆಗುವ ನಷ್ಟವನ್ನು ಕಾರ್ಖಾನೆ ನಡೆಸುವವರೆಲ್ಲ ಬಲ್ಲರು. ಹಗುರವಾದ, ಬೆಲೆಬಾಳುವ, ತುರ್ತಿನ ಸರಕಿಗೆ ಈ ಸೇವೆ ಸಲ್ಲಬೇಕು.

ಆದ್ದರಿಂದ ವಾಣಿಜ್ಯ ಸಂಸ್ಥೆಯು ಈ ಕಾರ್ಯದಲ್ಲಿ ಮುಂದಾಗಬೇಕು. ಸದಸ್ಯರು ಮೂರು ತಿಂಗಳ ಕಾಲ ತಮ್ಮ ತುರ್ತು ರವಾನೆಗಳನ್ನು ದಾಖಲಿಸಲಿ: ಎಲ್ಲಿಂದ ಎಲ್ಲಿಗೆ, ತೂಕವೆಷ್ಟು, ತಡವಾದರೆ ನಷ್ಟವೆಷ್ಟು. ಅವುಗಳನ್ನು ಜಿಲ್ಲೆಯ ನಕ್ಷೆಯ ಮೇಲೆ ಗುರುತಿಸಿ, 2021ರ ಡ್ರೋನ್ ನಿಯಮಗಳ ಹಸಿರು, ಹಳದಿ, ಕೆಂಪು ವಲಯಗಳೊಂದಿಗೆ ತಾಳೆ ನೋಡಿದರೆ ಕೇಂದ್ರಗಳ ಸ್ಥಳಗಳು ತಾವಾಗಿಯೇ ಗೋಚರಿಸುತ್ತವೆ. ಕೈಗಾರಿಕಾ ವಸಾಹತುಗಳಲ್ಲಿ ಬ್ಯಾಟರಿ ಬದಲಿಸುವ ಕೇಂದ್ರಗಳನ್ನು ಸಹಭಾಗಿತ್ವದಲ್ಲಿ ಸ್ಥಾಪಿಸಬಹುದು.

ಸಣ್ಣ ಉತ್ಪಾದಕರಿಗೂ ಇದರಲ್ಲಿ ಪಾಲಿದೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿ, ಬಿಡಿಭಾಗಗಳಿಗೆ ಅವಕಾಶ ಉಳಿಸಿತು. ಚೌಕಟ್ಟು, ಬ್ಯಾಟರಿ ಪೆಟ್ಟಿಗೆ, ಇಳಿದಾಣದ ವೇದಿಕೆ ಇವೆಲ್ಲ ನಮ್ಮ ವರ್ಕ್‌ಶಾಪುಗಳ ಶಕ್ತಿಗೆ ಮೀರಿದವಲ್ಲ.

ನಕ್ಷೆಯನ್ನು ನಾವು ಬರೆಯದಿದ್ದರೆ ಮಹಾನಗರದ ಕಂಪನಿಗಳು ತಮ್ಮ ಲಾಭಕ್ಕೆ ತಕ್ಕಂತೆ ಬರೆಯುತ್ತವೆ. ಆಗ ಅವರು ಹೇಳಿದ ದರವನ್ನು ತೆರುವ ಗ್ರಾಹಕರಾಗಿಯಷ್ಟೇ ನಾವು ಉಳಿಯಬೇಕಾದೀತು.